ಹಳೇಬೀಡಿನಲ್ಲಿ ಒಂದು ಶನಿವಾರ, ಒಂದು ಭಾನುವಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಹಾಸನದಲ್ಲಿ, ಹುಟ್ಟಿದ್ದು ಹಳೇಬೀಡಿನ ಮಗ್ಗುಲ ಹಳ್ಳಿಯಲ್ಲಿ. ಇಷ್ಟು ಗೊತ್ತಾದರೆ ಸಾಕು, ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತವರೂ ಎಲೆಗೆ ಸಾರು ಬೀಳುವ ಮೊದಲೇ ಪ್ರಶ್ನೆ ಶುರುಮಾಡುತ್ತಾರೆ. ಹೇಳಿದ್ದನ್ನೇ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಹೊರಡುವ ಮೊದಲು

ಹಳೇಬೀಡು ಅಂದ್ರೆ ಒಂದು ದೇವಸ್ಥಾನ ಅಷ್ಟೇ ಅಲ್ವಾ? ಅದಕ್ಕೆ ಎರಡು ದಿನ ಯಾಕೆ?

ಜಾಸ್ತಿ ಜನ ಹೀಗೇ ಅಂದುಕೊಂಡಿದ್ದಾರೆ. ಪ್ರವಾಸದ ಬಸ್ಸುಗಳು ಬೇಲೂರಿಗೂ ಶ್ರವಣಬೆಳಗೊಳಕ್ಕೂ ನಡುವೆ ಇಲ್ಲಿಗೆ ಒಂದೂವರೆ ಗಂಟೆ ಕೊಡುತ್ತವೆ. ಅಷ್ಟರಲ್ಲಿ ಚಪ್ಪಲಿ ಬಿಡುವುದು, ಫೋಟೋ, ಎಳನೀರು, ಮತ್ತೆ ಚಪ್ಪಲಿ ಹುಡುಕುವುದು.

ಆದರೆ ಇದು ಕೆರೆಯ ಊರು. ಮೊದಲು ಕೆರೆ, ಆಮೇಲೆ ರಾಜಧಾನಿ. ಹೊಯ್ಸಳರ ಕಾಲದಲ್ಲಿ ಊರಿಗೆ ಕೆರೆಯ ಹೆಸರೇ ಇತ್ತು: ದೋರಸಮುದ್ರ, ಅಥವಾ ದ್ವಾರಸಮುದ್ರ. ನಮ್ಮ ಕಡೆ ದೊಡ್ಡ ಕೆರೆಗೆ ಸಮುದ್ರ ಅನ್ನುವುದು ಹಳೇ ರೂಢಿ. ದೆಹಲಿಯ ಸೈನ್ಯ 1311ರಲ್ಲಿ ಮಲಿಕ್ ಕಾಫೂರನ ಜೊತೆ ಒಮ್ಮೆ ಬಂತು, ತುಘಲಕನ ಕಾಲದಲ್ಲಿ ಮತ್ತೊಮ್ಮೆ ಬಂತು. ಅರಮನೆ ಹೋಯಿತು, ರಾಜಧಾನಿ ಹೋಯಿತು, ಊರು ಹಳೇ ಬೀಡಾಯಿತು. ಕೆರೆ ಮಾತ್ರ ಅಲ್ಲೇ ಉಳಿಯಿತು.

ಸಂಜೆ ಐದೂವರೆ ಹೊತ್ತಿಗೆ ಬಸ್ಸುಗಳೆಲ್ಲ ಹೊರಟುಹೋಗುತ್ತವೆ. ಆಮೇಲೆ ಊರು ತನ್ನಷ್ಟಕ್ಕೆ ತಾನು ಉಸಿರಾಡುತ್ತದೆ. ಅದನ್ನು ನೋಡಬೇಕಾದರೆ ರಾತ್ರಿ ಉಳಿಯಲೇಬೇಕು.

ಬೆಂಗಳೂರಿನಿಂದ ಹೇಗೆ ಬರೋದು? ಕಾರು ಇಲ್ಲದಿದ್ರೆ ಆಗುತ್ತಾ?

ಆರಾಮಾಗಿ ಆಗುತ್ತದೆ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿ.ಮೀ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ನಾಲ್ಕು ಪಥದ ರಸ್ತೆ. ಕೆಎಸ್‌ಆರ್‌ಟಿಸಿ ಬಸ್ಸು ಬೇಕಾದಷ್ಟಿವೆ. 2017ರಿಂದ ಶ್ರವಣಬೆಳಗೊಳದ ಮೇಲೆ ರೈಲೂ ಓಡುತ್ತಿದೆ. ಹಾಸನ ಬಸ್ ಸ್ಟ್ಯಾಂಡಿನಲ್ಲಿ ಹಳೇಬೀಡಿನ ಬಸ್ಸು ಹತ್ತಿದರೆ 30 ಕಿ.ಮೀ. ಚಿಲ್ಲರೆ. ನೇರ ಬಸ್ಸು ಸಿಗದಿದ್ದರೆ ಬೇಲೂರಿಗೆ ಹೋಗಿ, ಅಲ್ಲಿಂದ 16 ಕಿ.ಮೀ. ಚಿಕ್ಕಮಗಳೂರಿನವರಿಗೂ ಬೇಲೂರಿನ ದಾರಿಯೇ ಹತ್ತಿರ.

ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಗುತ್ತದೆ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಳ್ಳಿ. ಹಳೇಬೀಡಿನ ಒಳಗೆ ಆಟೋ ಇದೆ. ಮುಖ್ಯವಾದ ಮೂರು ಜಾಗಗಳು, ಹೊಯ್ಸಳೇಶ್ವರ ದೇವಸ್ಥಾನ, ಬಸದಿಹಳ್ಳಿಯ ಬಸದಿಗಳು, ಕೇದಾರೇಶ್ವರ ದೇವಸ್ಥಾನ, ನಡೆಯುವಷ್ಟು ಹತ್ತಿರ. ಸುತ್ತಲ ಹಳ್ಳಿಗಳ ಗುಡಿ ನೋಡಬೇಕು ಅಂದರೆ ಮಾತ್ರ ಸ್ವಂತ ವಾಹನ ಬೇಕು, ಇಲ್ಲಾಂದ್ರೆ ಅರ್ಧ ದಿನಕ್ಕೆ ಆಟೋ ಮಾತಾಡಿಕೊಳ್ಳಿ. ಹತ್ತುವ ಮೊದಲೇ ಮಾತಾಡಿ, ಇಳಿದ ಮೇಲೆ ಅಲ್ಲ.

ಯಾವ ತಿಂಗಳು ಒಳ್ಳೇದು? ಕೆರೆಯಲ್ಲಿ ನೀರಿರುತ್ತಾ?

ಮಳೆ ಚೆನ್ನಾಗಿ ಆದ ವರ್ಷ, ಅಕ್ಟೋಬರ್‌ನಿಂದ ಫೆಬ್ರವರಿ. ಬೆಳಿಗ್ಗೆ ಚಳಿ ಹಿಡಿಸುತ್ತದೆ, ಮಧ್ಯಾಹ್ನದ ಬಿಸಿಲು ತಡೆಯಬಹುದು.

ನೀರಿನ ಮಾತು ಬೇರೆ. ಹಾಸನ ಅಂದಕೂಡಲೇ ಮಲೆನಾಡು ಅಂತ ಜನ ಕೊಡೆ ಹಿಡಿದುಕೊಂಡು ಬರುತ್ತಾರೆ. ಸಕಲೇಶಪುರದ ಮಳೆ ಹಳೇಬೀಡಿಗೆ ಬರುವುದಿಲ್ಲ. ಇದು ಅರೆಮಲೆನಾಡೂ ಮುಗಿದು ಬಯಲುಸೀಮೆ ಶುರುವಾಗುವ ಜಾಗ. ಮಳೆ ಕೈಕೊಟ್ಟ ವರ್ಷಗಳಲ್ಲಿ ದ್ವಾರಸಮುದ್ರದ ಒಡಲಲ್ಲಿ ದನ ಮೇಯುವುದನ್ನು ನಾವು ನೋಡಿದ್ದೇವೆ. ಯಗಚಿಯ ನೀರನ್ನು ಇತ್ತ ತರುವ ರಣಘಟ್ಟ ಯೋಜನೆಗಾಗಿ ಇಲ್ಲಿನ ರೈತರು ಬೀದಿಗಿಳಿದದ್ದು ಅದಕ್ಕೇ. ಕೆರೆ ಕೋಡಿ ಬಿದ್ದ ಸುದ್ದಿ ಬಂದರೆ ಮಾತ್ರ ಊರಿಗೆ ಊರೇ ಏರಿ ಮೇಲೆ ಇರುತ್ತದೆ, ಬಾಗಿನ ಬಿಡುವುದೂ ನಡೆಯುತ್ತದೆ. ಅಂಥ ವರ್ಷ ಬರಲು ಸಾಧ್ಯವಾದರೆ ತಿಂಗಳು ನೋಡಬೇಡಿ, ಬಂದುಬಿಡಿ.

ಎರಡು ಹೊತ್ತು ತಪ್ಪಿಸಿ. ಒಂದು, ಡಿಸೆಂಬರ್: ಶಾಲಾ ಪ್ರವಾಸದ ಕಾಲ, ನೂರಾರು ಮಕ್ಕಳು, ನೂರಾರು ಸೀಟಿ. ಇನ್ನೊಂದು, ದೀಪಾವಳಿಯ ಆಸುಪಾಸು. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆಯುವುದು ಆಗಲೇ. ಹಾಸನದಲ್ಲಿ ಲಾಡ್ಜಿನ ರೂಮಿರಲಿ, ಗಾಡಿ ನಿಲ್ಲಿಸಲೂ ಜಾಗ ಸಿಗುವುದಿಲ್ಲ. ಹಾಸನಾಂಬೆಯ ದರ್ಶನಕ್ಕೇ ಬರುವುದಾದರೆ ಅದು ಬೇರೆ ಪ್ರಯಾಣ, ಇದಕ್ಕೆ ಸೇರಿಸಬೇಡಿ.

ಉಳಿಯೋಕೆ ಹಳೇಬೀಡಾ, ಬೇಲೂರಾ, ಹಾಸನಾ?

ಹಳೇಬೀಡು. ಪ್ರವಾಸೋದ್ಯಮ ನಿಗಮದ ಹೋಟೆಲ್ ಮಯೂರ ಶಾಂತಲಾ, ಹೊಯ್ಸಳೇಶ್ವರ ದೇವಸ್ಥಾನದ ಎದುರಿಗೇ ಇದೆ. ರೂಮು ಕಡಿಮೆ, ವಾರಾಂತ್ಯಕ್ಕೆ ಮೊದಲೇ ಬುಕ್ ಮಾಡಿ. ಸಿಗದಿದ್ದರೆ ಬೇಲೂರಿನಲ್ಲಿ ಅದೇ ನಿಗಮದ ಮಯೂರ ವೇಲಾಪುರಿ, ಜೊತೆಗೆ ಖಾಸಗಿ ಲಾಡ್ಜುಗಳು. ಬಿಸಿನೀರು, ಲಿಫ್ಟು, ಎಸಿ ಎಲ್ಲ ಬೇಕೇ ಬೇಕು ಅನ್ನುವವರು ಹಾಸನದಲ್ಲಿ ಉಳಿಯಲಿ. ಆದರೆ ಅವರಿಗೆ ಬೆಳಗಿನ ಕೆರೆ ಸಿಗುವುದಿಲ್ಲ.

ಟಿಕೆಟ್ ಎಷ್ಟು? ಯಾವತ್ತು ರಜೆ?

ಹೊಯ್ಸಳೇಶ್ವರ ದೇವಸ್ಥಾನಕ್ಕೆ ಟಿಕೆಟ್ ಇಲ್ಲ. ಅದೇ ಆವರಣದ ಪುರಾತತ್ವ ಇಲಾಖೆಯ ಮ್ಯೂಸಿಯಂಗೆ ಚಿಲ್ಲರೆ ಕಾಸಿನ ಟಿಕೆಟ್ ಇದೆ, ಶುಕ್ರವಾರ ರಜೆ. ದೇವಸ್ಥಾನ ಬೆಳಿಗ್ಗೆಯಿಂದ ಸಂಜೆ ಬೆಳಕಿರುವವರೆಗೆ. ಮೊಬೈಲಿನಲ್ಲಿ, ಕ್ಯಾಮೆರಾದಲ್ಲಿ ಫೋಟೋ ತೆಗೆಯಬಹುದು. ಟ್ರೈಪಾಡ್, ಡ್ರೋನ್ ಅಂದರೆ ಅನುಮತಿ ಬೇಕು.

ಊಟ ತಿಂಡಿ ಹೇಗೆ?

ಸಣ್ಣ ಊರಿನ ಹೋಟೆಲುಗಳು. ಇಡ್ಲಿ, ದೋಸೆ, ಪಲಾವು, ಅನ್ನ ಸಾಂಬಾರು. ಮಧ್ಯಾಹ್ನ ಕೆಲವು ಕಡೆ ಮುದ್ದೆ ಸಿಗುತ್ತದೆ. ರಾತ್ರಿ ಬೇಗ ಮುಚ್ಚುತ್ತಾರೆ, ಒಂಬತ್ತಕ್ಕೆ ಮೊದಲೇ ಮುಗಿಸಿ. ಮೆನು ಕಾರ್ಡ್ ಕೇಳಬೇಡಿ, "ಏನಿದೆ ಬಿಸಿಯಾಗಿ?" ಅಂತ ಕೇಳಿ. ಬೇಲೂರಿಗೆ ಮಧ್ಯಾಹ್ನ ಹೋದರೆ ಅಲ್ಲಿನ ದೇವಸ್ಥಾನದಲ್ಲಿ ದಾಸೋಹ ಇದೆ.

## ಬಂದ ಮೇಲೆ

ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಬರಬಹುದಾ?

ಖಂಡಿತ. ಬೆಟ್ಟ ಹತ್ತುವುದಿಲ್ಲ, ಶ್ರವಣಬೆಳಗೊಳದ ಥರ ನೂರಾರು ಮೆಟ್ಟಿಲಿಲ್ಲ. ಜಗಲಿಗೆ ಹತ್ತಲು ಕೆಲವೇ ಮೆಟ್ಟಿಲು. ತೊಂದರೆ ಬರುವುದು ಕಾಲಿನ ಕೆಳಗೆ. ಚಪ್ಪಲಿ ಹೊರಗೇ ಬಿಡಬೇಕು, ಹನ್ನೆರಡು ಗಂಟೆಗೆ ಹಾಸುಗಲ್ಲು ಕಾದ ಹೆಂಚು. ನಮ್ಮ ದೊಡ್ಡಮ್ಮ ಒಂದು ಮಾರ್ಚಿನಲ್ಲಿ ಶಿಲಾಬಾಲಿಕೆಗಿಂತ ಚೆನ್ನಾಗಿ ಕುಣಿದರು, ನೆರಳಿನಿಂದ ನೆರಳಿಗೆ. ದೇವರನ್ನು ನೋಡಿದ ನೆನಪೇ ಅವರಿಗಿಲ್ಲ, ನನಗೆ ಬೈದದ್ದು ಮಾತ್ರ ಇನ್ನೂ ನೆನಪಿದೆ. ದಪ್ಪ ಸಾಕ್ಸ್ ತನ್ನಿ. ಬೆಳಿಗ್ಗೆ ಹತ್ತರೊಳಗೆ ಅಥವಾ ನಾಲ್ಕರ ಮೇಲೆ ಹೋಗಿ. ಒಳಗೆ ಬೆಳಕು ಕಡಿಮೆ, ಹೊಸ್ತಿಲು ಎತ್ತರ, ಕೈ ಹಿಡಿದು ದಾಟಿಸಿ.

ಸುಮ್ನೆ ಎರಡು ದಿನದ ಪ್ಲಾನ್ ಒಂದು ಹೇಳಿಬಿಡಿ, ಹಾಗೇ ಮಾಡ್ತೀವಿ.

ಶನಿವಾರ ಬೆಳಿಗ್ಗೆ ಬೇಗ ಬೆಂಗಳೂರು ಬಿಟ್ಟರೆ ಮಧ್ಯಾಹ್ನದೊಳಗೆ ಹಳೇಬೀಡು. ಊಟ ಮಾಡಿ, ಮಲಗಿ. ಹೌದು, ಮಲಗಿ. ಬಿಸಿಲಿನಲ್ಲಿ ಕಲ್ಲು ನೋಡಿದರೆ ಎಲ್ಲ ಶಿಲ್ಪವೂ ಒಂದೇ ಬಣ್ಣ, ಒಂದೇ ಚಪ್ಪಟೆ. ನಾಲ್ಕಕ್ಕೆ ಹೊಯ್ಸಳೇಶ್ವರ. ಓರೆ ಬಿಸಿಲು ಬಿದ್ದಾಗ ಆನೆಯ ಸೊಂಡಿಲಿಗೆ ನೆರಳು ಹುಟ್ಟುತ್ತದೆ, ಕುದುರೆ ಕಾಲೆತ್ತುತ್ತದೆ. ಬಾಗಿಲು ಹಾಕುವವರೆಗೆ ಇದ್ದು, ಕತ್ತಲಾಗುವವರೆಗೆ ಕೆರೆ ಕಡೆ.

ಭಾನುವಾರ ಆರಕ್ಕೇ ಎದ್ದು ಮತ್ತೆ ಕೆರೆ. ಮಂಜು ಇರುತ್ತದೆ, ನೀರಿದ್ದರೆ ಕೊಕ್ಕರೆ, ನೀರುಕಾಗೆ ಇರುತ್ತವೆ. ತಿಂಡಿ ತಿಂದು ಬಸದಿಹಳ್ಳಿಯ ಬಸದಿಗಳು, ಅಲ್ಲೇ ಮುಂದೆ ಕೇದಾರೇಶ್ವರ. ಆಮೇಲೆ ಹುಲಿಕೆರೆಯ ಕಲ್ಯಾಣಿ. ಹನ್ನೊಂದರ ಹೊತ್ತಿಗೆ ಹೊರಟರೆ ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕುವ ಮೊದಲು ಬೇಲೂರು ತಲುಪಬಹುದು. ಅಲ್ಲಿಂದ ಹಾಸನದ ಮೇಲೆ ಮನೆಗೆ.

ಇದಕ್ಕೆ ಶ್ರವಣಬೆಳಗೊಳ, ಮುಳ್ಳಯ್ಯನಗಿರಿ ಎಲ್ಲ ತುರುಕಬೇಡಿ. ತುರುಕುವವರಿಗೆ ನಾನು ಪ್ಲಾನ್ ಹೇಳುವುದನ್ನೇ ಬಿಟ್ಟಿದ್ದೇನೆ.

ಬೇಲೂರೂ ಹಳೇಬೀಡೂ ಒಂದೇ ಥರ ಅಲ್ವಾ? ಒಂದು ನೋಡಿದ್ರೆ ಸಾಲದಾ?

"ಬೇಲೂರು ಒಳಗೆ ನೋಡು, ಹಳೇಬೀಡು ಹೊರಗೆ ನೋಡು" ಅನ್ನುವ ಮಾತಿದೆ. ಬೇಲೂರಿನ ಚೆನ್ನಕೇಶವ 1117ರದು, ವಿಷ್ಣುವರ್ಧನ ಕಟ್ಟಿಸಿದ್ದು. ಇವತ್ತಿಗೂ ಪೂಜೆ, ತೇರು, ಭಕ್ತರು, ಪ್ರಸಾದ ಎಲ್ಲ ಇರುವ ತುಂಬಿದ ಮನೆ. ಅಲ್ಲಿ ತಲೆ ಎತ್ತಿ ನೋಡಬೇಕು, ಮದನಿಕೆಯರು ಕಂಬದ ತುದಿಯಲ್ಲಿದ್ದಾರೆ, ಒಳಗಿನ ಕಂಬಗಳು ಒಂದಕ್ಕಿಂತ ಒಂದು ಬೇರೆ. ಹಳೇಬೀಡಿನಲ್ಲಿ ಕಣ್ಣಿನ ಮಟ್ಟದಲ್ಲೇ ಎಲ್ಲ ಇದೆ, ಗೋಡೆಯ ಪಕ್ಕ ನಡೆದರೆ ಸಾಕು. 2023ರ ಸೆಪ್ಟೆಂಬರಿನಲ್ಲಿ ಈ ಎರಡನ್ನೂ ಸೋಮನಾಥಪುರವನ್ನೂ ಒಟ್ಟಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದನ್ನೇ ನೋಡುವಷ್ಟು ಹೊತ್ತಿದ್ದರೆ? ನಾನು ಹಳೇಬೀಡಿನವನು, ನನ್ನನ್ನು ಕೇಳಬಾರದು.

ಮಕ್ಕಳು ಬರೀ ಕಲ್ಲು, ಬೋರು ಅಂತಾರೆ. ಏನು ಮಾಡೋದು?

ಇತಿಹಾಸ ಹೇಳಬೇಡಿ, ಹುಡುಕಲು ಬಿಡಿ. ಬಾಣದಿಂದ ಮೀನಿಗೆ ಗುರಿ ಇಟ್ಟವನು ಎಲ್ಲಿ? ಹತ್ತು ತಲೆಯವನು ಬೆಟ್ಟ ಎತ್ತುತ್ತಿರುವುದು ಎಲ್ಲಿ? ಕುಣಿಯುವ ಗಣಪತಿ ಎಷ್ಟು? ಚಕ್ರವ್ಯೂಹದೊಳಗೆ ಅಭಿಮನ್ಯು ಸಿಕ್ಕಿದನಾ? ಮೊದಲು ಕಂಡುಹಿಡಿದವರಿಗೆ ಐಸ್‌ಕ್ಯಾಂಡಿ. ಕಳೆದ ಸಲ ನನ್ನ ಅಕ್ಕನ ಮಗಳು ಮಕರದ ಸಾಲು ನೋಡಿ, "ಮಾಮ, ಇದಕ್ಕೆ ಆನೆ ಸೊಂಡಿಲು, ಹಂದಿ ಮೈ, ನವಿಲಿನ ಬಾಲ" ಅಂತ ತಾನೇ ಬಿಡಿಸಿ ಹೇಳಿದಳು. ಇಷ್ಟು ವರ್ಷ ನಾನೇ ಅಷ್ಟು ಸರಿಯಾಗಿ ನೋಡಿರಲಿಲ್ಲ.

ಕೆರೆಯಲ್ಲಿ ಈಜಬಹುದಾ? ಬೋಟಿಂಗ್?

ಈಜಬೇಡಿ. ಶತಮಾನಗಳ ಹೂಳಿರುವ ಕೆರೆ, ದಡದ ಹತ್ತಿರವೇ ಕಾಲು ಹೂತುಹೋಗುತ್ತದೆ. ತೂಬಿನ ಬಳಿ, ಕೋಡಿಯ ಬಳಿ ಸೆಲ್ಫಿಗೆ ನಿಲ್ಲಬೇಡಿ. ಬೋಟಿನ ಆಸೆ ಇದ್ದರೆ ಬೇಲೂರಿನ ಯಗಚಿ ಜಲಾಶಯದ ಕಡೆ ವಿಚಾರಿಸಿ.

ಗೈಡ್ ಬೇಕಾ? ದುಡ್ಡು ದಂಡ ಅಲ್ವಾ?

ಮೊದಲ ಸಲ ಬಂದರೆ ಬೇಕು. ಗೋಡೆಯ ಮೇಲೆ ಪುರಾಣ ಉದ್ದಕ್ಕೂ ಇದೆ, ತೋರಿಸುವವರಿಲ್ಲದಿದ್ದರೆ ಅದು ಬರೀ ಗುಂಪು ಗುಂಪಾದ ಬೊಂಬೆಗಳು. ಬಾಗಿಲ ಬಳಿ ಗುರುತಿನ ಚೀಟಿ ಇರುವ ಗೈಡ್‌ಗಳು ಸಿಗುತ್ತಾರೆ, ದರ ಮೊದಲೇ ಕೇಳಿ. ಹೆಚ್ಚಿನವರು ಇದೇ ಊರಿನವರು, ಚೆನ್ನಾಗಿ ಹೇಳುತ್ತಾರೆ.

ಒಂದು ಮಾತು ಮಾತ್ರ ಹೇಳಬೇಕು. ಈಗೀಗ ವಿಡಿಯೋ ನೋಡಿಕೊಂಡು ಬಂದವರು, "ಟೆಲಿಸ್ಕೋಪ್ ಹಿಡಿದ ಶಿಲ್ಪ ಎಲ್ಲಿ, ರಾಕೆಟ್ ಎಲ್ಲಿ, ಯಂತ್ರ ಇಟ್ಟು ಕೊರೆದ ಗುರುತು ಎಲ್ಲಿ?" ಅಂತಾರೆ. ಇವು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಬರಬರುತ್ತಾ ಗಟ್ಟಿಯಾಗುತ್ತದೆ. ಉಳಿ ಹಿಡಿದ ಮನುಷ್ಯನ ಕೈಯೇ ಆ ಸರದ ಮಣಿಗಳ ಹಿಂದೆ ಎಳೆ ಬಿಡಿಸಿದ್ದು. ಒಳಗಿನ ಗುಂಡು ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ ಅನ್ನುವುದು ನಿಜ. ಬಡಗಿ ಚರಕಿಯಲ್ಲಿ ಮರ ಕಡೆಯುವ ಹಾಗೆಯೇ, ಅದಕ್ಕೆ ಆಕಾಶದಿಂದ ಯಾರೂ ಇಳಿದು ಬರಬೇಕಿರಲಿಲ್ಲ. ಮಾಬಲ, ಬಲ್ಲಣ, ಬೋಚಣ ಅಂತ ಹೆಸರು ಕೆತ್ತಿ ಹೋಗಿದ್ದಾರೆ. ಅಷ್ಟು ಸ್ಪಷ್ಟವಾಗಿ ಸಹಿ ಹಾಕಿದ ಮೇಲೂ ಅವರ ಕೆಲಸವನ್ನು ಬೇರೆ ಯಾರ ಖಾತೆಗೋ ಬರೆಯುವುದು ಅನ್ಯಾಯ ಅಲ್ವಾ?

## ಒಮ್ಮೆ ನೋಡಿ ಬಂದವರು ಕೇಳುವುದು

ಗೋಡೆ ನೋಡೋಕೆ ಎಲ್ಲಿಂದ ಶುರು ಮಾಡ್ಬೇಕು? ನಾವು ಸುಮ್ನೆ ಸುತ್ತು ಹೊಡೆದು ಬಂದ್ವಿ.

ಪ್ರದಕ್ಷಿಣೆಯ ಹಾಗೇ, ಗೋಡೆ ನಿಮ್ಮ ಬಲಗೈ ಕಡೆ ಇರಲಿ. ಮೊದಲ ಸುತ್ತಿನಲ್ಲಿ ಕೆಳಗಿನ ಪಟ್ಟಿಗಳನ್ನು ಮಾತ್ರ ನೋಡಿ. ಕೆಳಗಿನಿಂದ ಎಂಟು: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಕತೆಯ ಪಟ್ಟಿ, ಮಕರ, ಹಂಸ. ಭಾರ ಹೊರುವ ಆನೆ ಬುಡದಲ್ಲಿ, ಹಗುರ ಹಂಸ ಮೇಲೆ. ರಾಮಾಯಣ, ಮಹಾಭಾರತ, ಭಾಗವತ ಆರನೇ ಪಟ್ಟಿಯಲ್ಲಿ. ಭೀಷ್ಮನ ಶರಶಯ್ಯೆಗೆ ಬೊಗಸೆಯಷ್ಟೇ ಜಾಗ ಕೊಟ್ಟಿದ್ದಾರೆ, ಹುಡುಕಿದವರಿಗೆ ಸಿಗುತ್ತದೆ.

ಎರಡನೇ ಸುತ್ತಿಗೆ ದೊಡ್ಡ ವಿಗ್ರಹಗಳು. ಗೋವರ್ಧನ ಎತ್ತಿದ ಕೃಷ್ಣ, ಗಜಾಸುರನ ತೊಗಲು ಬಿಚ್ಚಿ ಅದರೊಳಗೇ ಕುಣಿಯುವ ಶಿವ, ಕರುಳು ಬಗೆವ ನರಸಿಂಹ. ಒಂದೊಂದರ ಎದುರೂ ಐದು ನಿಮಿಷ ನಿಂತರೆ ಎರಡನೇ ಸುತ್ತು ಮುಗಿಯುವುದೇ ಇಲ್ಲ, ಪರವಾಗಿಲ್ಲ.

ಮೂರನೆಯದಾಗಿ ದಕ್ಷಿಣದ ಬಾಗಿಲು. ದ್ವಾರಪಾಲಕರ ಕೈ ಮುರಿದಿದೆ, ಆದರೆ ಮೇಲಿನ ತೋರಣದ ಕೆಲಸ ನೋಡಿ. ಇನ್ನೊಂದು, ಜನ ದೊಡ್ಡ ನಂದಿಯ ಎದುರು ನಿಂತು ಫೋಟೋ ತೆಗೆಸಿಕೊಂಡು ವಾಪಸ್ಸು ಬರುತ್ತಾರೆ. ದಕ್ಷಿಣದ ನಂದಿಯ ಬೆನ್ನ ಹಿಂದೆ ಆಳೆತ್ತರದ ಸೂರ್ಯ ಇದ್ದಾನೆ. ನೋಡದೆ ಬಂದವರೇ ಹೆಚ್ಚು.

ಎರಡು ಗರ್ಭಗುಡಿ ಯಾಕೆ? ಕಟ್ಟಿಸಿದ್ದು ರಾಜ ಅಲ್ವಂತೆ?

ಒಂದು ಹೊಯ್ಸಳೇಶ್ವರ, ಒಂದು ಶಾಂತಲೇಶ್ವರ. ರಾಜನ ಹೆಸರಿನಲ್ಲಿ ಒಂದು ಲಿಂಗ, ರಾಣಿ ಶಾಂತಲೆಯ ಹೆಸರಿನಲ್ಲಿ ಒಂದು. ಕಟ್ಟಿಸಿದವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ಇದು ಗೊತ್ತಾದದ್ದು ಹತ್ತಿರದ ಘಟ್ಟದಹಳ್ಳಿಯಲ್ಲಿ ಸಿಕ್ಕ 1121ರ ಶಾಸನದಿಂದ. ಇನ್ನೂ ಸ್ವಾರಸ್ಯ ಅಂದರೆ ಶಾಂತಲೆ ಜೈನಳು, ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದವಳು. ಅವಳ ಹೆಸರಿನಲ್ಲಿ ಇಲ್ಲಿ ಶಿವಲಿಂಗ.

ಗೋಪುರ ಯಾಕಿಲ್ಲ? ಕಾಫೂರ್ ಒಡೆದನಾ?

ಇದ್ದದ್ದು ಬಿದ್ದಿತೋ, ಪೂರ್ತಿ ಕಟ್ಟಲೇ ಇಲ್ಲವೋ, ವಿದ್ವಾಂಸರಲ್ಲೇ ವಾದ ಇದೆ. ಶಿಖರ ಹೇಗಿರುತ್ತಿತ್ತು ಅಂತ ನೋಡಬೇಕಾದರೆ ದೊಡ್ಡಗದ್ದವಳ್ಳಿಗೆ ಹೋಗಿ.

ಬಸದಿಹಳ್ಳಿ, ಕೇದಾರೇಶ್ವರ, ಹುಲಿಕೆರೆ, ಇದರಲ್ಲಿ ಯಾವುದು ಬಿಡಬಾರದು?

ಬಸದಿಹಳ್ಳಿ. ಹೊಯ್ಸಳೇಶ್ವರದಿಂದ ನಡೆದೇ ಹೋಗಬಹುದು, ಆದರೂ ಬಸ್ಸಿನವರು ಹೋಗುವುದಿಲ್ಲ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗೆ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ರಾಜನಿಗೆ ತಲುಪಿದ್ದೂ, ಯುದ್ಧ ಗೆದ್ದ ಸುದ್ದಿ ಬಂದದ್ದೂ, ಮಗ ಹುಟ್ಟಿದ್ದೂ ಒಟ್ಟಿಗೇ ಆಯಿತಂತೆ. ಹಾಗಾಗಿ ದೇವರು ವಿಜಯ ಪಾರ್ಶ್ವ, ಮಗು ವಿಜಯ ನರಸಿಂಹ. ಒಳಗಿನ ಕರೀ ಕಂಬಗಳ ನುಣುಪು ನೋಡಿ, ಕನ್ನಡಿ. ಮುಖ ನೋಡಿಕೊಂಡು ತಲೆ ಬಾಚಬಹುದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು.

ಕೇದಾರೇಶ್ವರ ಇಮ್ಮಡಿ ವೀರಬಲ್ಲಾಳನೂ ಅವನ ಕಿರಿಯ ರಾಣಿ ಅಭಿನವ ಕೇತಲದೇವಿಯೂ ಕಟ್ಟಿಸಿದ್ದು. ಸುತ್ತ ಹುಲ್ಲು, ಜನ ಕಡಿಮೆ. ಬುತ್ತಿ ಬಿಚ್ಚುವವರು ಅಂಗಳ ಗಲೀಜು ಮಾಡಬೇಡಿ. ಹುಲಿಕೆರೆಯ ಕಲ್ಯಾಣಿ ನಾಲ್ಕೈದು ಕಿ.ಮೀ. ದೂರ. ಮೆಟ್ಟಿಲು, ಮೆಟ್ಟಿಲ ಸುತ್ತ ಪುಟ್ಟ ಪುಟ್ಟ ಗುಡಿಗಳು. ಐದು ಜನ ಇದ್ದರೆ ಅವತ್ತು ಜಾತ್ರೆ ಅಂತ ತಿಳಿಯಿರಿ.

ತಲೆ ಕತ್ತರಿಸಿಕೊಳ್ಳುತ್ತಿರುವ ಬೊಂಬೆಗಳ ಕಂಬ ಒಂದಿದೆಯಲ್ಲ, ಅದೇನು?

ಗರುಡಗಂಬ. ಹೊಯ್ಸಳರ ಗರುಡರು ಅಂದರೆ ರಾಜನಿಗೆ ಪ್ರಾಣದ ಭಾಷೆ ಕೊಟ್ಟ ಮೈಗಾವಲಿನವರು, ರಾಜ ಸತ್ತರೆ ತಾವೂ ಬದುಕುವುದಿಲ್ಲ ಅಂತ. ಈ ಕಂಬ ಇಮ್ಮಡಿ ಬಲ್ಲಾಳನ ಗರುಡ ಕುವರ ಲಕ್ಷ್ಮನದು. ಬಲ್ಲಾಳ ತೀರಿಕೊಂಡಾಗ ಅವನೂ ಹೆಂಡತಿಯೂ ಜೊತೆಗಾರರೂ ಪ್ರಾಣ ಕೊಟ್ಟ ಕತೆ ಅಲ್ಲಿದೆ. ಯುದ್ಧದಲ್ಲಿ ಸತ್ತವರ ವೀರಗಲ್ಲು ನಮ್ಮ ಊರೂರಿಗೂ ಇದೆ, ಇಂಥದ್ದು ಅಪರೂಪ. ಗೈಡ್ ಅವಸರದಲ್ಲಿದ್ದರೆ ಇದನ್ನು ಬಿಟ್ಟುಬಿಡುತ್ತಾರೆ, ನೀವೇ ಕೇಳಿ.

ಮುಂದಿನ ಸಲಕ್ಕೆ ಇಂಥದ್ದೇ ಇನ್ನೊಂದು ಕೆರೆ ದಡದ ಜಾಗ ಹೇಳಿ.

ದೊಡ್ಡಗದ್ದವಳ್ಳಿ. ಹಾಸನ-ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ. 1113ರ ಸುಮಾರಿಗೆ ಕಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ, ಬೇಲೂರಿಗಿಂತ ಹಳೆಯದು. ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ. ಕೆತ್ತನೆ ಕಡಿಮೆ, ಶಿಖರಗಳು ಹಾಗೇ ಉಳಿದಿವೆ. ಸುತ್ತ ತೆಂಗು, ಪಕ್ಕದಲ್ಲೇ ಕೆರೆ.

ಇನ್ನೊಂದು ದಿಕ್ಕಿಗೆ, ಜಾವಗಲ್ ರಸ್ತೆಯಲ್ಲಿ ಬೆಳವಾಡಿ. ಚಿಕ್ಕಮಗಳೂರು ಜಿಲ್ಲೆಗೆ ಸೇರಿದರೂ ಹಳೇಬೀಡಿಗೆ ಹನ್ನೆರಡು ಕಿ.ಮೀ. ಆಸುಪಾಸು. ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ, ಮೂವರಿಗೂ ಒಂದೊಂದು ಗುಡಿ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಅಂತ ಊರಿನವರು ಹೇಳುತ್ತಾರೆ. ವೇಣುಗೋಪಾಲನ ಎದುರು ಸ್ವಲ್ಪ ಹೊತ್ತು ಕೂತುಕೊಳ್ಳಿ. ಗುಡಿ ಬಾಗಿಲು ಹಾಕಿದ್ದರೆ ಪಕ್ಕದ ಮನೆಯಲ್ಲಿ ಕೇಳಿ, ಅರ್ಚಕರು ಎಲ್ಲಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ.